ಕಡಲಲ್ಲಿ ಕೊರೆದರೆ ಪೆಟ್ರೋಲ್ ಅಗ್ಗ ಆಗುತ್ತಾ?

ಅಮೆರಿಕ ತನ್ನ ಕಡಲಲ್ಲಿ ಇನ್ನಷ್ಟು ತೈಲಬಾವಿ ಕೊರೆದರೆ ಪೆಟ್ರೋಲ್ ಬೆಲೆ ಬೇಗ ಇಳಿಯುತ್ತಾ ಅಂತ ಕೇಳಿದ್ದೀರಿ. ಬೇಗ ಅಂತೂ ಇಲ್ಲ. ಹೊಸ ಜಾಗ ಅಂದ್ರೆ ಗುತ್ತಿಗೆ, ಸಮೀಕ್ಷೆ, ಪೈಪ್‌ಲೈನ್. ಮೊದಲ ಹನಿ ಬರಲು ವರ್ಷಗಳೇ ಬೇಕು. 2008ರ ಜುಲೈನಲ್ಲಿ ಕಚ್ಚಾ ತೈಲದ ಬೆಲೆ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿತ್ತು. ಸೆಪ್ಟೆಂಬರ್‌ನಲ್ಲಿ ಅಲ್ಲಿನ ರಿಪಬ್ಲಿಕನ್ ಪಕ್ಷದ ಸಮಾವೇಶದಲ್ಲಿ 'ಡ್ರಿಲ್ ಬೇಬಿ ಡ್ರಿಲ್' (ಅಂದ್ರೆ ತೈಲಕ್ಕಾಗಿ ಕೊರೆಯಿರಿ) ಅನ್ನೋ ಕೂಗು ಎದ್ದಿತು. ಡಿಸೆಂಬರ್ ಹೊತ್ತಿಗೆ ಬೆಲೆ 40ಕ್ಕಿಂತ ಕೆಳಗೆ! ಹೊಸ ಬಾವಿಯಿಂದಲ್ಲ, ಜಗತ್ತಿನ ವ್ಯಾಪಾರವೇ ಕುಸಿದದ್ದರಿಂದ.

ಹಾಗಂತ ಗಾಳಿಯಂತ್ರ ನೆಟ್ಟರೆ ತೈಲ ಬೇಡ ಅನ್ನೋದೂ ಸುಮ್ನೆ ಮಾತು. ಗಾಳಿಯಂತ್ರ ಕೊಡೋದು ವಿದ್ಯುತ್ತು, ಆದರೆ ಅಮೆರಿಕದ ವಿದ್ಯುತ್ತಿನಲ್ಲಿ ತೈಲದ ಪಾಲು ಶೇ. 1ರಷ್ಟೂ ಇಲ್ಲ. ತೈಲ ಕುಡಿಯೋದು ಜಾಸ್ತಿ ಕಾರು, ಲಾರಿ, ವಿಮಾನ. ಕಾರುಗಳು ಬ್ಯಾಟರಿಗೆ ಬಂದಷ್ಟೂ ಗಾಳಿ, ಬಿಸಿಲು ತೈಲಕ್ಕೆ ನಿಜವಾದ ಪೈಪೋಟಿ ಕೊಡುತ್ತವೆ. ಚುನಾವಣಾ ಭಾಷಣಗಳಲ್ಲಿ ಈ ಭಾಗ ಯಾಕೋ ಹಾರಿಹೋಗುತ್ತೆ.