ಬಿಸಿಲಲ್ಲೂ ಒದ್ದೆಯಾಗಿದ್ದ ಗೋಣಿ

(ಸಿದ್ದಾಪುರದ ಕಡೆಯ ಕಾಫಿ ತೋಟವೊಂದರ ಲೈನಿನಲ್ಲಿ, ಅಂದರೆ ಕೂಲಿಕಾರರ ಸಾಲುಮನೆಗಳಲ್ಲಿ, ಬೆಳೆದು ಈಗ ಮೈಸೂರಿನಲ್ಲಿರುವ ಓದುಗರೊಬ್ಬರ ಪತ್ರ: "ನಿಮ್ಮ ಕೊಡಗು ವಿಶೇಷಾಂಕದಲ್ಲಿ ಬಂಗಲೆ ಇದೆ, ಕೊಡವ ಮನೆತನದ ಐನ್‌ಮನೆ ಇದೆ, ಹೋಂಸ್ಟೇ ಇದೆ. ನಮ್ಮ ಲೈನ್ ಮನೆ ಒಂದು ಫೋಟೊದಲ್ಲೂ ಇಲ್ಲ. ಇನ್ನು ಬರೆದರೆ ಅಯ್ಯೋ ಪಾಪ ಅಂತ ಬರೆಯಬೇಡಿ. ನಮ್ಮ ಮನೆಯಲ್ಲಿ ನಾವು ಖುಷಿಯಾಗೇ ಇದ್ದೆವು.")

ನಿಮ್ಮ ದೂರು ನ್ಯಾಯವಾದದ್ದೇ ಅಮ್ಮಾ. ಗೊತ್ತಿರಲಿಲ್ಲ ಎಂದು ಜಾರಿಕೊಳ್ಳಲೂ ನನಗೆ ದಾರಿಯಿಲ್ಲ, ಏಕೆಂದರೆ ನಾನು ತೋಟದ ಲೆಕ್ಕ ಬರೆಯುವ ರೈಟರ ಮಗ. ನಮ್ಮ ಕ್ವಾರ್ಟರ್ಸಿನ ಜಗಲಿಯಿಂದ ಕೆಳಗೆ ನೋಡಿದರೆ ಲೈನಿನ ಹೆಂಚೇ ಕಾಣುತ್ತಿತ್ತು.

ಡಿಸೆಂಬರ್ ಅಂದರೆ ನನಗೆ ಇವತ್ತಿಗೂ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ನೀರಿನ ಹುಳಿ ವಾಸನೆ. ಸಂಜೆ ಹೆಂಗಸರು ಕುಯ್ದ ಹಣ್ಣನ್ನು ಗೋಣಿತಾಟಿನ ಮೇಲೆ ಸುರಿದು, ಹಸಿರು ಕಾಯಿ ಆರಿಸಿ ತೆಗೆದು, ಮತ್ತೆ ಗೋಣಿಗೆ ತುಂಬಿ ತೂಕಕ್ಕೆ ನಿಲ್ಲುತ್ತಿದ್ದರು. ಶಾಲೆ ಬಿಟ್ಟು ಬಂದ ಮಕ್ಕಳೂ ಜೊತೆಗೆ ಕೂತು ಆರಿಸುತ್ತಿದ್ದರು. ನೀವೂ ಆರಿಸಿರಬೇಕು. ತೂಕವಾದಂತೆ ಅಪ್ಪ ಬರೆದುಕೊಳ್ಳುತ್ತಿದ್ದರು, ಗೋಣಿ ಒದ್ದೆ ಅಂತ ಒಂದೊಂದು ಕಿಲೋ ಕಳೆದು. ಬಿಸಿಲು ಕಾದ ದಿನವೂ ಗೋಣಿ ಒದ್ದೆಯೇ ಇರುತ್ತಿತ್ತು.

ಲೈನಿನಲ್ಲಿದ್ದ ಗೆಳೆಯನ ಮನೆಯಲ್ಲಿ ನನಗೆ ಸೋಜಿಗವಾಗಿದ್ದು ನಡುಗೋಡೆ. ಅದು ಮಾಡಿನ ತನಕ ಮುಟ್ಟುತ್ತಿರಲಿಲ್ಲ. ಈಚೆ ಮನೆಯ ಕೂಸು ಕೆಮ್ಮಿದರೆ ಆಚೆ ಮನೆಯಿಂದ "ಶುಂಠಿ ಕಷಾಯ ಕೊಡು" ಎಂದು ಮಲಯಾಳಂನಲ್ಲಿ ಬರುತ್ತಿತ್ತು, ಇವರ ಮನೆಯ ಉತ್ತರ ತಮಿಳಿನಲ್ಲಿ ಹೋಗುತ್ತಿತ್ತು. ಒಬ್ಬರು ಒಣಮೀನು ಸುಟ್ಟರೆ ಆ ವಾಸನೆಯಲ್ಲೇ ನಾಲ್ಕು ಮನೆಯವರು ಒಂದು ತುತ್ತು ಹೆಚ್ಚು ಉಣ್ಣುತ್ತಿದ್ದರು. ನೀವು ಖುಷಿ ಅನ್ನುವುದು ಇದನ್ನಾದರೆ ನನ್ನದೂ ಹೂಂ.

ತಕರಾರಿರುವುದು "ನಮ್ಮ ಮನೆ" ಎಂಬ ಮಾತಿಗೆ. ತೋಟದ ಕಾರ್ಮಿಕರಿಗೆ ಮನೆ ಕೊಡುವುದು ಮಾಲೀಕನ ಹೊಣೆ ಎಂದು 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆ ಹೇಳಿತು. ಮನೆ ಕುಸಿದು ಯಾರಾದರೂ ಸತ್ತರೆ, ಗಾಯಗೊಂಡರೆ ಪರಿಹಾರ ಕೊಡಬೇಕೆಂಬ ಕಲಮು ಸೇರಿದ್ದು 1981ರಲ್ಲಿ. ಅಂಥ ಕಲಮು ಬೇಕಾಯಿತು ಅಂದಮೇಲೆ ಗೋಡೆಗಳ ಗತಿ ನೀವೇ ಊಹಿಸಿ. ಅದೂ ಕೆಲಸ ಇರುವ ತನಕದ ಮನೆ. ನನ್ನ ಗೆಳೆಯನ ಅಪ್ಪ ಮರಗಸಿ ಮಾಡುವಾಗ, ಅಂದರೆ ನೆರಳಿನ ಮರ ಹತ್ತಿ ಕೊಂಬೆ ಕಡಿಯುವಾಗ, ಬಿದ್ದು ಕಾಲು ಮುರಿದುಕೊಂಡರು. ಮುಂದಿನ ಮಳೆಗಾಲ ಹಿಡಿಯುವ ಮೊದಲೇ ಅವರ ಪಾತ್ರೆ ಪಡಗ ಟ್ರಾಕ್ಟರ್ ಹತ್ತಿತು. ಎಲ್ಲಿಗೆ ಹೋದರು ಎಂದು ಕೇಳಿದ್ದಕ್ಕೆ ಅಪ್ಪ, "ಬೇರೆ ತೋಟಕ್ಕೆ" ಅಂದರು. ಅಷ್ಟೆ. ಅವನಿಗೊಂದು ಕಾಗದ ಹಾಕೋಣವೆಂದರೆ ವಿಳಾಸವಿರಲಿಲ್ಲ.

2016ರ ಡಿಸೆಂಬರಿನಲ್ಲಿ ಕೊಡಗಿನದೇ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕೆಡವಿದಾಗ ಊರೆಲ್ಲ ಕೇಳಿತ್ತು, ಇವರೆಲ್ಲ ಎಲ್ಲಿಂದ ಬಂದರು ಅಂತ. ಬಹಳ ಮಂದಿ ಬಂದದ್ದು ಲೈನ್ ಮನೆಗಳಿಂದಲೇ.

ಅಯ್ಯೋ ಪಾಪ ಎನ್ನುವುದಿಲ್ಲ, ಮಾತು ಕೊಟ್ಟಿದ್ದೇನೆ. ಆದರೆ ಮೇಲಿನ ಜಗಲಿಯಲ್ಲಿ ನಿಂತವನು ಇದಕ್ಕಿಂತ ಹೆಚ್ಚು ಬರೆದರೆ ಸುಳ್ಳಾದೀತು. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ನಿಮಗೆ ಬಿಟ್ಟಿದ್ದೇನೆ. ಫೋಟೊ ಇಲ್ಲದಿದ್ದರೂ ನಡೆಯುತ್ತದೆ. ಒದ್ದೆ ಗೋಣಿಯ ಲೆಕ್ಕವನ್ನು ಮಾತ್ರ ನನ್ನ ಮುಖ ನೋಡಿ ಬಿಟ್ಟುಬಿಡಬೇಡಿ. 25ನೇ ತಾರೀಕಿನೊಳಗೆ ಕೈಸೇರಲಿ.

— ಸಂಪಾದಕ