ಇಂಜೆಕ್ಷನ್ ಶುರುವಾದರೂ ಬಿಡಲಾಗದ ಮಾತ್ರೆ

ತೀವ್ರ ಆಸ್ತಮಾ ಇರುವವರ ಜೊತೆ ಆಪ್ತಸಲಹೆಯ ಕೆಲಸ ಮಾಡುತ್ತೇನೆ. ಬಯಾಲಜಿಕ್ ಇಂಜೆಕ್ಷನ್ (ಉರಿಯೂತಕ್ಕೆ ಕಾರಣವಾಗುವ ನಿರ್ದಿಷ್ಟ ಪ್ರೊಟೀನನ್ನೇ ಗುರಿಯಿಟ್ಟು ತಡೆಯುವ ಔಷಧ) ಶುರು ಮಾಡಿದವರಲ್ಲಿ ಒಂದು ತೊಂದರೆಯನ್ನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಆಕೆಗೆ ನಲವತ್ತು ದಾಟಿದೆ. ವರ್ಷಗಟ್ಟಲೆ ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ಮಾತ್ರೆ ನುಂಗಿದವರು. ತೂಕ ಏರಿತ್ತು, ಸಕ್ಕರೆ ಕಾಯಿಲೆ ಬಂದಿತ್ತು, ಮೂಳೆ ಸವೆಯಲು ಶುರುವಾಗಿತ್ತು. ರಕ್ತದಲ್ಲಿ ಇಯೊಸಿನೊಫಿಲ್ ಎಂಬ, ಶ್ವಾಸನಾಳದಲ್ಲಿ ಉರಿಯೂತ ತರುವ ಬಿಳಿ ರಕ್ತಕಣಗಳು ಜಾಸ್ತಿ ಇದ್ದವು. ಹಾಗಾಗಿ ವೈದ್ಯರು ನಾಲ್ಕು ವಾರಕ್ಕೊಮ್ಮೆ ಮೆಪೊಲಿಜುಮ್ಯಾಬ್ ಎಂಬ ಬಯಾಲಜಿಕ್ ಇಂಜೆಕ್ಷನ್ ಕೊಡತೊಡಗಿದರು. ಆ ಕಣಗಳು ಬೆಳೆದು ಉಳಿಯಲು ಐಎಲ್-5 ಎಂಬ ಪ್ರೊಟೀನ್ ಬೇಕು. ಈ ಇಂಜೆಕ್ಷನ್ ಅದನ್ನೇ ತಡೆಯುತ್ತದೆ. ಕೆಲವು ತಿಂಗಳಲ್ಲಿ ಅಟ್ಯಾಕ್‌ಗಳು ನಿಂತವು. ವೈದ್ಯರು ಮಾತ್ರೆ ಇಳಿಸುತ್ತಾ ಬಂದರು. ನಿದ್ದೆ ಬರುತ್ತಿಲ್ಲ, ಆತಂಕ ಎಂದು ಆಕೆಯನ್ನು ನನ್ನ ಹತ್ತಿರ ಕಳಿಸಿದರು.

ಮೊದಲ ಭೇಟಿಗಳಲ್ಲಿ ಏನೂ ಸಿಗಲಿಲ್ಲ. ಒಂದು ದಿನ ಸುಮ್ನೆ ಕೇಳಿದೆ, "ರಾತ್ರಿ ಎಚ್ಚರವಾದಾಗ ಏನು ಮಾಡ್ತೀರಿ?"

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಹಳೇ ಮಾತ್ರೆ ಉಳಿದಿವೆ. ಅದನ್ನೂ ತಗೋತೀನಿ. ಡಾಕ್ಟರಿಗೆ ಗೊತ್ತಿಲ್ಲ. ಇಂಜೆಕ್ಷನ್ ತಿಂಗಳಿಗೊಂದು ಸಲ ಬರೋದು ಮೇಡಂ. ರಾತ್ರಿ ಎರಡು ಗಂಟೆಗೆ ಉಸಿರು ಕಟ್ಟಿದ್ರೆ ನಾನು ಯಾರನ್ನ ನಂಬಲಿ?"

ಬೈಯುವವರು ಇಲ್ಲಿ ಬೈಯುತ್ತಾರೆ. ನಾನು ಬೈಯಲಿಲ್ಲ. ಇಂಜೆಕ್ಷನ್ ಅಟ್ಯಾಕ್ ಬಾರದಂತೆ ಕಾಯುವ ಔಷಧ, ಬಂದ ಅಟ್ಯಾಕ್ ನಿಲ್ಲಿಸುವಂಥದ್ದಲ್ಲ. ಅಷ್ಟರಮಟ್ಟಿಗೆ ಆಕೆಯ ಪ್ರಶ್ನೆ ಸರಿಯಾಗಿಯೇ ಇತ್ತು ಅಲ್ವಾ?

"ಮಾತ್ರೆ ನುಂಗಿದ ಮೇಲೆ ಎಷ್ಟು ಹೊತ್ತಿಗೆ ಆರಾಮಾಗುತ್ತೆ?" ಎಂದೆ.

"ಹತ್ತು ನಿಮಿಷ."

ಪ್ರೆಡ್ನಿಸೊಲೋನ್ ಹತ್ತು ನಿಮಿಷದಲ್ಲಿ ಉಸಿರಾಟ ಸರಿಮಾಡುವುದಿಲ್ಲ. ಅದರ ಗುಣ ಕಾಣಲು ಗಂಟೆಗಳೇ ಬೇಕು. ಜೊತೆಗೆ ಬೇರೇನಾದರೂ ತಗೊಳ್ತೀರಾ ಎಂದು ಕೇಳಿದೆ. "ಇನ್‌ಹೇಲರ್ ಎರಡು ಸಲ ಎಳೀತೀನಿ. ಅದು ಇದ್ದೇ ಇರುತ್ತಲ್ಲ" ಎಂದರು. ನಿಮಿಷಗಳಲ್ಲಿ ಶ್ವಾಸನಾಳ ಸಡಿಲಿಸುವುದು ಆ ಇನ್‌ಹೇಲರ್. ಇಷ್ಟು ವರ್ಷ ಕೆಲಸ ಒಬ್ಬರದು, ಹೆಸರು ಇನ್ನೊಬ್ಬರದು!

ಹೇಳಿದಾಗ ಆಕೆಯ ಮುಖ ಬಾಡಿತು. "ಹಾಗಾದ್ರೆ ಮಾತ್ರೆ ನುಂಗಿದ್ದು ಬರೀ ಹೆದರಿಕೆಗಾ?"

ಈ ಪ್ರಶ್ನೆಗೆ ಹೌದು ಎನ್ನಬಾರದು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಈ ರೋಗಿಗಳು ನಿಜವಾಗಿಯೂ ಸಾವಿನ ಹತ್ತಿರ ಹೋಗಿ ಬಂದವರು. ಎಲ್ಲ ಮನಸ್ಸಿನದ್ದೇ ಎಂದುಬಿಟ್ಟರೆ, ನಾಳೆ ನಿಜವಾದ ಅಟ್ಯಾಕ್ ಬಂದಾಗಲೂ ತಡ ಮಾಡುತ್ತಾರೆ. ಹೆದರಿಕೆಯೂ ಇದೆ, ಆಸ್ತಮಾವೂ ಇದೆ, ಎರಡನ್ನೂ ಬೇರೆ ಮಾಡಿ ನೋಡೋಣ ಎಂದೆ.

ಆಕೆಗೆ ಕೊಟ್ಟ ಸಲಹೆ ಇಷ್ಟು. ರಾತ್ರಿ ಎಚ್ಚರವಾದರೆ ರಿಲೀವರ್ ಇನ್‌ಹೇಲರ್ ಮೊದಲು. ಆಮೇಲೆ ಪೀಕ್ ಫ್ಲೋ ಮೀಟರ್ (ಉಸಿರು ಎಷ್ಟು ವೇಗವಾಗಿ ಹೊರಬರುತ್ತದೆ ಎಂದು ಅಳೆಯುವ ಸಾಧನ) ಊದಿ ಅಂಕಿ ಬರೆದಿಡಿ. ಅಂಕಿ ಬಿದ್ದಿದ್ದರೆ ವೈದ್ಯರು ಬರೆದುಕೊಟ್ಟ ಯೋಜನೆಯಂತೆ ನಡೆಯಿರಿ. ಮಾತ್ರೆಗೂ ಅದರಲ್ಲಿ ಜಾಗವಿದೆ. ಒಂದು ವಾಕ್ಯ ಪೂರ್ತಿ ಹೇಳಲಾಗದಷ್ಟು ಉಸಿರು ಕಟ್ಟಿದರೆ ಅಂಕಿಗಿಂಕಿ ನೋಡುತ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ. ಗುಟ್ಟಿನ ಮಾತ್ರೆಯನ್ನು ಮಾತ್ರ ಇವತ್ತೇ ನಿಲ್ಲಿಸಬೇಡಿ ಎಂದೂ ಹೇಳಿದೆ. ಎಷ್ಟೋ ಕಾಲ ಹೊರಗಿನಿಂದ ಸ್ಟೆರಾಯ್ಡ್ ಬಂದಿರುವಾಗ ಅಡ್ರಿನಲ್ ಗ್ರಂಥಿ ಕಾರ್ಟಿಸೋಲ್ ಎಂಬ ದೇಹದ ಸ್ವಂತ ಸ್ಟೆರಾಯ್ಡ್ ತಯಾರಿಕೆಯನ್ನು ಕಡಿಮೆ ಮಾಡಿರುತ್ತದೆ. ಥಟ್ಟನೆ ಬಿಟ್ಟರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯ.

ಇನ್ನೊಂದು ಸಲಹೆ: ನುಂಗುತ್ತಿರುವ ನಿಜವಾದ ಡೋಸ್ ಅನ್ನು ನೀವೇ ವೈದ್ಯರಿಗೆ ಹೇಳಿ. ಇಂಜೆಕ್ಷನ್ ಎಷ್ಟು ಕೆಲಸ ಮಾಡಿದೆ ಎಂದು ಅವರು ಲೆಕ್ಕ ಹಾಕುತ್ತಿದ್ದುದೇ ತಪ್ಪು ಡೋಸ್ ಹಿಡಿದು. ನಿದ್ದೆ ಕೆಡಲು ರಾತ್ರಿಯ ಸ್ಟೆರಾಯ್ಡೂ ಒಂದು ಕಾರಣ, ಅದೂ ಅವರಿಗೆ ಗೊತ್ತಾಗಿರಲಿಲ್ಲ.

ನಾನೇ ವೈದ್ಯರಿಗೆ ಫೋನ್ ಮಾಡಬೇಕಿತ್ತು ಎಂದು ಸಹೋದ್ಯೋಗಿಗಳು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ಆಕೆ ಮಾತ್ರೆ ಥಟ್ಟನೆ ಬಿಟ್ಟಿದ್ದರೆ ಫೋನ್ ಮಾಡಲು ನಾನು ಒಂದು ಗಂಟೆಯೂ ಕಾಯುತ್ತಿರಲಿಲ್ಲ, ಅದನ್ನು ಆಕೆಗೇ ಹೇಳಿದ್ದೆ. ಆದರೆ ಆಕೆ ನುಂಗುತ್ತಿದ್ದುದು ವೈದ್ಯರು ಇಳಿಸಿದ ಡೋಸಿಗಿಂತ ಜಾಸ್ತಿ, ಅದೂ ಹಳೆಯ ಡೋಸಿನಷ್ಟೇ. ಭೇಟಿಯನ್ನು ಆ ವಾರಕ್ಕೇ ಹಾಕಿಸಿದೆ. ಬೆನ್ನ ಹಿಂದೆ ಹೇಳಿದ್ದರೆ ಮುಂದಿನ ಗುಟ್ಟು ನನಗೂ ಸಿಗುತ್ತಿರಲಿಲ್ಲ.

ಆಕೆ ಹೇಳಿದರು. ವೈದ್ಯರು ಬೆಳಗಿನ ಕಾರ್ಟಿಸೋಲ್ ಪರೀಕ್ಷೆ ಮಾಡಿಸಿ, ಇಳಿಸುವ ವೇಗ ಕಡಿಮೆ ಮಾಡಿದರು. ನಡುವೆ ಸುಸ್ತು, ಕೀಲುನೋವು ಬಂತು. ಪೀಕ್ ಫ್ಲೋ ಸರಿಯಾಗಿಯೇ ಇತ್ತು. ಡೋಸ್ ಇಳಿಯುವಾಗ ಹೀಗಾಗುವುದುಂಟು, ಆಸ್ತಮಾ ಮರಳಿತು ಎಂದುಕೊಂಡು ತಾವೇ ಡೋಸ್ ಏರಿಸುವವರೂ ಇದ್ದಾರೆ. ಈ ಸಲ ಆಕೆ ಮೊದಲು ವೈದ್ಯರಿಗೆ ಫೋನ್ ಮಾಡಿದರು.

ಮಾತ್ರೆ ಇನ್ನೂ ಪೂರ್ತಿ ನಿಂತಿಲ್ಲ. 2014ರಲ್ಲಿ ಪ್ರಕಟವಾದ ಮೆಪೊಲಿಜುಮ್ಯಾಬ್ ಪ್ರಯೋಗದಲ್ಲೂ ಸ್ಟೆರಾಯ್ಡ್ ಡೋಸಿನ ಇಳಿಕೆಯ ಮಧ್ಯಾಂಕ ಶೇಕಡ 50 ಇತ್ತು, ಅಂದರೆ ಸುಮಾರು ಅರ್ಧದಷ್ಟು ಜನರಲ್ಲಿ ಇಳಿಕೆ ಅದಕ್ಕಿಂತ ಕಡಿಮೆ. ಅದಕ್ಕೇ ಮನೆಯವರಿಗೆ ಹೇಳುವುದು: "ಇನ್ನೂ ಬಿಟ್ಟಿಲ್ವಾ?" ಎಂದು ದಿನಾ ಕೇಳಬೇಡಿ.