ಸ್ಯಾಲರಿ, ವೇಜ್, ಇನ್‌ಕಮ್: ಯಾವ ಅಂಕಿ ನಿನ್ನದು?

ದಾವಣಗೆರೆ ಕಡೆಯ ಹುಡುಗನೊಬ್ಬ ಎಚ್-1ಬಿ ಕೆಲಸದ ವೀಸಾ ಮೇಲೆ ಅಮೆರಿಕದ ನ್ಯೂಜೆರ್ಸಿಗೆ ಬರಲು ತಯಾರಾಗುತ್ತಿದ್ದಾನೆ. ಅವನು ಕೇಳಿದ್ದು ಹೀಗೆ: "ಅಕ್ಕಾ, ಆಫರ್ ಲೆಟರ್‌ನಲ್ಲಿ ಬೇಸ್ ಸ್ಯಾಲರಿ ವರ್ಷಕ್ಕೆ 78,000 ಡಾಲರ್ ಅಂತ ಇದೆ. ವೀಸಾ ಕಾಗದದಲ್ಲಿ ವೇಜ್ ಅಂತ ಬರೆದಿದ್ದಾರೆ. ಬಾಡಿಗೆ ಮನೆಯ ಅರ್ಜಿಯಲ್ಲಿ ಇನ್‌ಕಮ್ ಕೇಳುತ್ತಾರೆ. ಇವೆಲ್ಲ ಒಂದೇನಾ? ವೇಜ್ ಅಂದರೆ ಕೂಲಿ ಅಲ್ವಾ? ಕೈಗೆ ಎಷ್ಟು ಬರುತ್ತೆ? ಊರಿಂದ ಏನೇನು ತರಲಿ?"

ತರುವ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಒಂದು ಕುಕ್ಕರ್, ಇನ್ನೊಂದು ಜೊತೆ ಕನ್ನಡಕ, ಮಾರ್ಕ್ಸ್ ಕಾರ್ಡುಗಳು. ಸಾಕು. ಉಳಿದದ್ದೆಲ್ಲ ಇಲ್ಲಿನ ಎಡಿಸನ್ ಊರಲ್ಲಿ ಸಿಗುತ್ತದೆ. ಮಂಡಕ್ಕಿಯೂ ಸಿಗುತ್ತದೆ, ಆದರೆ ಅದು ನಿಮ್ಮೂರ ಮಂಡಕ್ಕಿ ಅಲ್ಲ. ಆ ಮಾತು ಬೇಡ, ಸುಮ್ನೆ ಬಾಯಲ್ಲಿ ನೀರು ಬರುತ್ತದೆ.

ಈಗ ದುಡ್ಡಿಗೆ ಬರೋಣ. ವೇಜ್ ಅಂದರೆ ಕೂಲಿ ಅನ್ನುವ ಮುಜುಗರವನ್ನು ವಿಮಾನ ಹತ್ತುವ ಮುಂಚೆಯೇ ಬಿಟ್ಟುಬಿಡು. ನಮ್ಮಲ್ಲಿ ಹೆಣ್ಣು ಕೊಡುವವರು ಹುಡುಗನಿಗೆ ಸಂಬಳವಾ, ಕೂಲಿಯಾ ಅಂತ ಕೇಳುತ್ತಾರೆ. ಇಲ್ಲಿನ ಕಾಗದಪತ್ರದಲ್ಲಿ ಆ ಮೇಲು ಕೀಳು ಇಲ್ಲ. ಪ್ರತಿ ಜನವರಿಯಲ್ಲಿ ಕಂಪನಿ ಡಬ್ಲ್ಯೂ-2 ಅಂತ ಒಂದು ಹಾಳೆ ಕೊಡುತ್ತದೆ. ಅದರ ಮೊದಲ ಚೌಕದಲ್ಲಿ ಆಸ್ಪತ್ರೆಯಲ್ಲಿ ನೌಕರಿ ಮಾಡುವ ಸರ್ಜನ್‌ಗೂ 'ವೇಜಸ್' ಅಂತಲೇ ಇರುತ್ತದೆ.

ಆಡುಮಾತಿನಲ್ಲಿ ವ್ಯತ್ಯಾಸ ಇದೆ, ಕಾನೂನಿನಲ್ಲೂ ಸ್ವಲ್ಪ ಇದೆ. ಗಂಟೆ ಲೆಕ್ಕದ್ದು ವೇಜ್, ವರ್ಷಕ್ಕೆ ಇಷ್ಟು ಅಂತ ಗೊತ್ತುಮಾಡಿದ್ದು ಸ್ಯಾಲರಿ. 1938ರ ಫೇರ್ ಲೇಬರ್ ಸ್ಟ್ಯಾಂಡರ್ಡ್ಸ್ ಕಾಯ್ದೆಯ ಪ್ರಕಾರ ಗಂಟೆ ಲೆಕ್ಕದ ನೌಕರ ವಾರಕ್ಕೆ 40 ಗಂಟೆ ದಾಟಿದರೆ, ಜಾಸ್ತಿಯಾದ ಗಂಟೆಗಳಿಗೆ ಒಂದೂವರೆ ಪಟ್ಟು ಕೊಡಬೇಕು. ಸ್ಯಾಲರಿ ಮೇಲಿರುವ ಸಾಫ್ಟ್‌ವೇರಿನವರನ್ನು ಸಾಮಾನ್ಯವಾಗಿ ಈ ನಿಯಮದಿಂದ ಹೊರಗಿಡುತ್ತಾರೆ. ರಾತ್ರಿ ಎರಡಕ್ಕೆ ಸರ್ವರ್ ಕೈಕೊಟ್ಟು ನೀನು ಬೆಳಗಿನ ತನಕ ಕೂತರೂ ಒಂದು ಡಾಲರ್ ಜಾಸ್ತಿ ಬರುವುದಿಲ್ಲ. ನಮ್ಮ ಮನೆಗೆ ಭಾನುವಾರ ಪ್ಲಂಬರ್ ಬಂದು ಗಂಟೆಗಿಷ್ಟು ಅಂತ ಬಿಲ್ ಬರೆಯುವಾಗ, ನಮ್ಮಿಬ್ಬರಲ್ಲಿ ಕೂಲಿಯವರು ಯಾರು ಅಂತ ನನಗೇ ಅನುಮಾನ ಬರುತ್ತದೆ.

ಕೈಗೆ ಬರುವುದೆಷ್ಟು? 78,000ವನ್ನು 12ರಿಂದ ಭಾಗಿಸಬೇಡ. ಬಹಳ ಕಂಪನಿಗಳು ಎರಡು ವಾರಕ್ಕೊಮ್ಮೆ ಕೊಡುತ್ತವೆ, ವರ್ಷಕ್ಕೆ 26 ಸಲ. ನಿನ್ನದು ಹಾಗಿದ್ದರೆ ಸಲಕ್ಕೆ 3,000. ಪೇ ಸ್ಟಬ್‌ನಲ್ಲಿ, ಅಂದರೆ ಸಂಬಳದ ಚೀಟಿಯಲ್ಲಿ, ಗ್ರಾಸ್ ಪೇ ಅಂತ ಕಾಣುವುದು ಅದೇ. ಅದರಲ್ಲಿ ಸೋಶಿಯಲ್ ಸೆಕ್ಯುರಿಟಿ ಅನ್ನುವ ಸರ್ಕಾರಿ ಪಿಂಚಣಿಗೆ ಶೇ 6.2, ಮೆಡಿಕೇರ್ ಅನ್ನುವ ವಯಸ್ಸಾದವರ ಆರೋಗ್ಯ ವಿಮೆಗೆ ಶೇ 1.45. ಅಲ್ಲಿಗೇ ಸುಮಾರು 230 ಡಾಲರ್ ಹೋಯಿತು. ಆಮೇಲೆ ಫೆಡರಲ್ ತೆರಿಗೆ, ರಾಜ್ಯದ ತೆರಿಗೆ, ನಿನ್ನ ಆರೋಗ್ಯ ವಿಮೆ, ನಿವೃತ್ತಿಗೆ ಕೂಡಿಡುವ 401(ಕೆ). ಇಷ್ಟೆಲ್ಲ ಕಳೆದು ಉಳಿದದ್ದು ನೆಟ್ ಪೇ. ಖರ್ಚಿನ ಲೆಕ್ಕ ಅದರ ಮೇಲೆ ಹಾಕು. ಬಾಡಿಗೆಯ ಅರ್ಜಿಯಲ್ಲಿ ಮಾತ್ರ ಗ್ರಾಸ್ ಬರೆ, ಅವರು ಇನ್‌ಕಮ್ ಅಂತ ಕೇಳುವುದು ಸಾಮಾನ್ಯವಾಗಿ ಅದನ್ನೇ. ನಮ್ಮ ಕಡೆ ಕಂಪನಿಯ ಒಟ್ಟು ಖರ್ಚನ್ನೇ ಸಂಬಳ ಅಂತ ತೋರಿಸುವ ಸಿಟಿಸಿಯ ಆಟ ನಿನಗೆ ಹೇಳಿಕೊಡಬೇಕಾಗಿಲ್ಲ. ಇಲ್ಲಿ ಬೇಸ್ ಸ್ಯಾಲರಿಗೆ ಪಿಎಫ್, ಗ್ರಾಚ್ಯುಟಿ ಅಂತ ಗಾಳಿ ತುಂಬುವುದಿಲ್ಲ. 'ಟೋಟಲ್ ಕಾಂಪೆನ್ಸೇಷನ್' ಅಂದರೆ ಮಾತ್ರ ಹುಷಾರು, ಅದರಲ್ಲಿ ಬೋನಸ್ಸು ಗೀನಸ್ಸು ಎಲ್ಲ ಸೇರಿಸಿರುತ್ತಾರೆ.

ತೆರಿಗೆಯವರ ಇನ್‌ಕಮ್ ಇದಕ್ಕಿಂತ ದೊಡ್ಡದು. ತೆರಿಗೆ ಲೆಕ್ಕದಲ್ಲಿ ನೀನು ಇಲ್ಲಿನ ನಿವಾಸಿಯಾದ ಮೇಲೆ ಊರಿನ ಆದಾಯವನ್ನೂ ತೋರಿಸಬೇಕು. ದಾವಣಗೆರೆಯ ಮನೆ ನಿನ್ನ ಹೆಸರಲ್ಲಿದ್ದರೆ ಅದರ ಬಾಡಿಗೆ, ಎಫ್‌ಡಿ ಬಡ್ಡಿ, ಎಲ್ಲ. ಹೊರದೇಶದಲ್ಲಿರುವವರು ಊರಿನ ಬ್ಯಾಂಕಿನಲ್ಲಿ ಇಡುವ ಎನ್‌ಆರ್‌ಇ ಖಾತೆಯ ಬಡ್ಡಿಗೆ ಅಲ್ಲಿ ತೆರಿಗೆ ಇಲ್ಲ, ಇಲ್ಲಿ ಇದೆ. ಅಪ್ಪನ ಜೊತೆಗಿನ ಜಾಯಿಂಟ್ ಖಾತೆಯೂ ಸೇರಿ ಊರಿನ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಯಾವತ್ತಾದರೂ 10,000 ಡಾಲರ್ ದಾಟಿದರೆ ಬೇರೆ ವರದಿ ಕೊಡಬೇಕು. "ಅದು ಅಪ್ಪನ ದುಡ್ಡು" ಅಂದರೆ ನಡೆಯುವುದಿಲ್ಲ.

ಅರ್ನಿಂಗ್ಸ್, ಅಂದರೆ ದುಡಿದು ಗಳಿಸಿದ್ದು, ಅನ್ನುವ ಪದ ಸೋಶಿಯಲ್ ಸೆಕ್ಯುರಿಟಿಯವರ ಹಾಳೆಯಲ್ಲಿ ಬರುತ್ತದೆ. ಅವರ ನಿವೃತ್ತಿ ಪಿಂಚಣಿಗೆ ದುಡಿಮೆಯ ಲೆಕ್ಕದಲ್ಲಿ ಸಿಗುವ 40 ಕ್ರೆಡಿಟ್ ಬೇಕು, ವರ್ಷಕ್ಕೆ ಸಿಗುವುದು ಹೆಚ್ಚೆಂದರೆ ನಾಲ್ಕು. ಭಾರತಕ್ಕೂ ಅಮೆರಿಕಕ್ಕೂ ಈ ವಿಷಯದಲ್ಲಿ ಒಪ್ಪಂದವಿಲ್ಲ. ಒಂಬತ್ತು ವರ್ಷ ದುಡಿದು ಊರಿಗೆ ಹೊರಟರೆ, ಕಟ್ಟಿದ್ದು ಕಟ್ಟಿದ ಹಾಗೇ ಹೋಯಿತು.

ಇಷ್ಟೆಲ್ಲ ನೀನೇ ಬಂದು ನಿಧಾನಕ್ಕೆ ಕಲಿಯಬಹುದು. ನಾನು ಬರೆಯಲು ಕೂತದ್ದು ವೀಸಾ ಕಾಗದದ ವೇಜ್‌ಗಾಗಿ.

ಎಚ್-1ಬಿ ಅರ್ಜಿಗೆ ಮುಂಚೆ ಕಂಪನಿ ಇಲ್ಲಿನ ಕಾರ್ಮಿಕ ಇಲಾಖೆಗೆ ಲೇಬರ್ ಕಂಡೀಷನ್ ಅಪ್ಲಿಕೇಶನ್ ಅಂತ ಒಂದು ಕಾಗದ ಕೊಡುತ್ತದೆ. ಎಲ್ಲರೂ ಎಲ್‌ಸಿಎ ಅನ್ನುತ್ತಾರೆ. ಆ ಊರಲ್ಲಿ ಆ ಕೆಲಸಕ್ಕೆ ನಡೆಯುವ ದರ, ಇಲ್ಲವೇ ಕಂಪನಿ ತನ್ನ ಅಂಥದ್ದೇ ನೌಕರರಿಗೆ ಕೊಡುವ ದರ, ಎರಡರಲ್ಲಿ ಯಾವುದು ಜಾಸ್ತಿಯೋ ಅದನ್ನು ಕೊಡುತ್ತೇವೆ ಅಂತ ಅದರಲ್ಲಿ ಮಾತು ಕೊಟ್ಟಿರುತ್ತಾರೆ. ಕೆಲಸವಿಲ್ಲದೆ ನಿನ್ನನ್ನು ಬೆಂಚ್ ಮೇಲೆ ಕೂರಿಸಿದರೂ ಆ ವೇಜ್ ನಿಲ್ಲಿಸುವ ಹಾಗಿಲ್ಲ. ನೀನೇ ರಜೆ ಕೇಳಿದರೆ ಬೇರೆ ಮಾತು. ಹೊರಗಿಂದ ಬಂದವರಿಗೆ, ಕೆಲಸ ಶುರುವಾಗದಿದ್ದರೂ, ದೇಶಕ್ಕೆ ಬಂದ 30 ದಿನದೊಳಗೆ ಅದು ಶುರುವಾಗಬೇಕು.

ನಾನು ಬಂದದ್ದು 2008ರಲ್ಲಿ. ಆ ಸೆಪ್ಟೆಂಬರ್‌ನಲ್ಲಿ ಲೀಮನ್ ಬ್ರದರ್ಸ್ ಅನ್ನುವ ದೊಡ್ಡ ಬ್ಯಾಂಕ್ ಮುಳುಗಿತು, ಪ್ರಾಜೆಕ್ಟ್‌ಗಳೆಲ್ಲ ನಿಂತವು. ನಮ್ಮ ಕನ್ಸಲ್ಟೆನ್ಸಿಯ ಗೆಸ್ಟ್‌ಹೌಸ್‌ನಲ್ಲಿ ನಾವು ಹುಡುಗಿಯರೆಲ್ಲ ಕೆಲಸವಿಲ್ಲದೆ ಕೂತೆವು. "ಪ್ರಾಜೆಕ್ಟ್ ಸಿಕ್ಕ ದಿನದಿಂದ ಸ್ಯಾಲರಿ" ಅಂದರು. ನಮಗೂ ಅದು ನ್ಯಾಯ ಅಂತಲೇ ಕಂಡಿತು. ಕೆಲಸ ಮಾಡದೆ ಯಾವ ಬಾಯಲ್ಲಿ ಕೇಳುವುದು?

ನನಗೆ ಬೇಗ ಪ್ರಾಜೆಕ್ಟ್ ಸಿಕ್ಕಿತು. ನನ್ನ ಕೋಣೆಯಲ್ಲಿದ್ದ ಶಿವಮೊಗ್ಗದವಳಿಗೆ ಸಿಗಲಿಲ್ಲ. ತಿಂಗಳುಗಟ್ಟಲೆ ಅನ್ನ, ಮೊಸರು, ಊರಿಂದ ತಂದ ಅಪ್ಪೆಮಿಡಿ ಉಪ್ಪಿನಕಾಯಿ. ಭಾನುವಾರ ಕಾಲಿಂಗ್ ಕಾರ್ಡ್ ಹಿಡಿದು ಮನೆಗೆ ಮಾತಾಡುವಾಗ, ನಿನ್ನೆ ತಾನೇ ಸಂಬಳ ಬಂದ ಹಾಗೆ ತಂಗಿಯ ಕಾಲೇಜ್ ಫೀಸಿನ ಮಾತಾಡುತ್ತಿದ್ದಳು. ಫೋನ್ ಇಟ್ಟ ಮೇಲೆ ಆ ಕಾರ್ಡಿನಲ್ಲಿ ಇನ್ನೆಷ್ಟು ನಿಮಿಷ ಉಳಿದಿದೆ ಅಂತ ಅದರ ಮೇಲೇ ಪೆನ್ನಿನಲ್ಲಿ ಬರೆದಿಡುತ್ತಿದ್ದಳು. ಕೊನೆಗೆ ಅಣ್ಣನ ಹತ್ತಿರ ಸಾಲ ಮಾಡಿ ಟಿಕೆಟ್ ತೆಗೆಸಿ ಹೊರಟುಹೋದಳು.

ಬೆಂಚ್‌ನಲ್ಲಿದ್ದಾಗಲೂ ವೇಜ್ ಕೊಡಬೇಕು ಅನ್ನುವುದು ನನಗೆ ಗೊತ್ತಾಗಿದ್ದು ಬಹಳ ತಡವಾಗಿ, ಒಂದು ಯುಗಾದಿ ಊಟದ ಪಂಕ್ತಿಯಲ್ಲಿ, ಪಕ್ಕದಲ್ಲಿ ಕೂತ ಹಿರಿಯರೊಬ್ಬರಿಂದ. ಕಾರ್ಮಿಕ ಇಲಾಖೆಯ ವೇಜ್ ಅಂಡ್ ಅವರ್ ವಿಭಾಗಕ್ಕೆ ದೂರು ಕೊಡಬಹುದಿತ್ತು, ಆದರೆ ತಪ್ಪು ನಡೆದ 12 ತಿಂಗಳೊಳಗೆ. ಆ ಗಡುವು ಮುಗಿದಿತ್ತು. ಆದರೂ ಅವಳಿಗೆ ಬರೆದೆ. "ಹೋಗ್ಲಿ ಬಿಡೇ, ಕೆಲಸ ಮಾಡದ ದುಡ್ಡು ನಮಗ್ಯಾಕೆ" ಅಂತ ಉತ್ತರ ಬಂತು. ದುಡ್ಡು ಹೋದದ್ದಕ್ಕಿಂತ ಆ ಉತ್ತರ ನನ್ನನ್ನು ಜಾಸ್ತಿ ಚುಚ್ಚಿತು, ಈಗಲೂ ಚುಚ್ಚುತ್ತದೆ. ಅದು ಅವಳಿಗೆ ಬರಬೇಕಾದ ದುಡ್ಡೇ ಆಗಿತ್ತು. ಕಂಪನಿಯವರಿಗೆ ಅದು ಗೊತ್ತಿರಲಿಲ್ಲ ಅಂತ ನಾನು ನಂಬುವುದಿಲ್ಲ, ಸಹಿ ಹಾಕಿದವರೇ ಅವರು.

ಎಲ್ಲ ಕಂಪನಿಯೂ ಹಾಗಲ್ಲ, ಹೆದರಬೇಡ. ಆದರೆ ಎಲ್‌ಸಿಎ ಪ್ರತಿ ಕೇಳಿ ಪಡೆದುಕೋ. ಕೆಲಸಕ್ಕೆ ಸೇರುವ ದಿನದೊಳಗೆ ಅವರು ಕೊಡಲೇಬೇಕು. ನೀನು ಈಗಲೇ ಕೇಳು. ಅದರಲ್ಲಿ ವೇಜ್ ರೇಟ್ ಎಷ್ಟಿದೆ, ಕೆಲಸದ ಜಾಗ ಯಾವುದಿದೆ ನೋಡಿ ನನಗೆ ಬರೆ. 78,000ಕ್ಕಿಂತ ಕಮ್ಮಿ ಇದ್ದರೆ ಯಾಕೆ ಅಂತ ಎಚ್‌ಆರ್‌ಗೆ ಮೇಲ್ ಹಾಕು. ಫೋನ್ ಮಾಡಿ ಕೇಳಬೇಡ, ಉತ್ತರ ಬರಹದಲ್ಲೇ ಬರಲಿ.